ಸಂತೆ ದಿನ ನಾವು ಹೆಂಗಸರು ಕೂತೆವು

ಒಂದು ಗಾಳಿಸುದ್ದಿಗೆ ಕೊಡಗಿನ ನಮ್ಮೂರಲ್ಲಿ ದೇವರ ಹೆಸರಲ್ಲಿ ಜಗಳ ಎದ್ದು ಅಂಗಡಿಗಳು ಮುಚ್ಚಿದವು. ಮಕ್ಕಳನ್ನು ಶಾಲೆಗೆ ಕಳಿಸಲು ಭಯ. ಆಗಲೇ ನಾವು ಹೆಂಗಸರು ಶಾಂತಿಗಾಗಿ ಕೂರೋಣ ಎಂದುಕೊಂಡೆವು.

ಸಂತೆಯ ದಿನವನ್ನೇ ಆರಿಸಿದೆವು. ಬೇರೆ ದಿನವಾದರೆ ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರಿಗೆ ಕೂಲಿ ತಪ್ಪುತ್ತದೆ. ಕೊಡಗಿನಲ್ಲಿ ಅವರನ್ನು ಬಿಟ್ಟು ಕೂತರೆ ಅದು ಊರಿನ ಮಾತಾಗುವುದಿಲ್ಲ. ಪೊಲೀಸ್ ಠಾಣೆಗೆ ಪತ್ರ ಕೊಟ್ಟೆವು. ಬಾವುಟ, ಭಾಷಣ ಎರಡೂ ಬೇಡ ಎಂದು ಮೊದಲೇ ಮಾತಾಗಿತ್ತು.

ಜಾಸ್ತಿ ಚರ್ಚೆಯಾದದ್ದು ಪ್ರಾರ್ಥನೆಯ ಬಗ್ಗೆ. ಕಾವೇರಮ್ಮೆಯನ್ನು ನೆನೆದು ಶುರು ಮಾಡೋಣ ಎಂದರು ಕೆಲವರು. ಮಾಪಿಳ್ಳೆ ಮುಸ್ಲಿಮರ ಮನೆಯ ಅಕ್ಕ ಮೆಲ್ಲಗೆ, "ನಾನು ದುಆ ಮಾಡಬಹುದಾ?" ಎಂದು ಕೇಳಿದರು. ದೇವರ ವಿಷಯವೇ ಬೇಡ ಎಂದವರೂ ಇದ್ದರು. ನಾನು ಅದಕ್ಕೆ ಒಪ್ಪಲಿಲ್ಲ. ಜಗಳ ಎದ್ದದ್ದೇ ದೇವರ ಹೆಸರಲ್ಲಿ. ಆ ಹೆಸರನ್ನು ಜಗಳಗಾರರಿಗೇ ಬಿಟ್ಟುಕೊಡಬೇಕಾ?

ಆಫ್ರಿಕಾದ ಲೈಬೀರಿಯಾದಲ್ಲಿ ಅಂತರ್ಯುದ್ಧ ನಿಲ್ಲಲಿ ಎಂದು ಹೆಂಗಸರು ಕೂತ ಕತೆ ಹೇಳಿದೆ. 2003ರಲ್ಲಿ ಲೇಮಾ ಗ್ಬೋವೀ ಮತ್ತು ಅವರ ಜೊತೆಯವರು, ಕ್ರೈಸ್ತರು ಮುಸ್ಲಿಮರು ಒಟ್ಟಾಗಿ, ಬಿಳಿ ಬಟ್ಟೆ ತೊಟ್ಟು ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರ ದಿನಾ ಕೂತು ಪ್ರಾರ್ಥಿಸಿದರು. ಘಾನಾದಲ್ಲಿ ಶಾಂತಿ ಮಾತುಕತೆ ಎಳೆದಾಡಿದಾಗ ಸಭೆಯ ಬಾಗಿಲಿಗೇ ಅಡ್ಡ ಕೂತರು. ಆ ವರ್ಷದ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ನಮ್ಮಲ್ಲೂ ಇಂಥ ಹೆಂಗಸರಿದ್ದರು ಅಲ್ವಾ? 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಕತೆಗಾರ್ತಿ ಕೊಡಗಿನ ಗೌರಮ್ಮ ಉಪವಾಸ ಹಿಡಿದು ಅವರನ್ನು ಮನೆಗೆ ಬರಮಾಡಿಕೊಂಡರು. ಮೈಮೇಲಿನ ಒಡವೆಯನ್ನು ಹರಿಜನ ನಿಧಿಗೆ ಕೊಟ್ಟರು.

ಕೊನೆಗೆ ಹೀಗೆ ಮಾಡಿದೆವು. ಮೊದಲು ಎಲ್ಲರೂ ಮೌನ. ಆಮೇಲೆ ಒಬ್ಬೊಬ್ಬರು ತಮ್ಮ ಮನೆಮಾತಲ್ಲಿ ತಮ್ಮ ಪ್ರಾರ್ಥನೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆ ಎಲ್ಲವೂ ಬಂದವು. ಬೇರೆಯವರ ಪ್ರಾರ್ಥನೆಗೆ ದನಿ ಸೇರಿಸಲೇಬೇಕು ಎಂದು ಯಾರನ್ನೂ ಒತ್ತಾಯಿಸಲಿಲ್ಲ. ಸುಮ್ನೆ ಕೇಳಿಸಿಕೊಂಡರೆ ಸಾಕಿತ್ತು.

ಬೈಕಿನಲ್ಲಿ ಬಂದ ಹುಡುಗರು ಕೆಟ್ಟದಾಗಿ ಕೂಗಿದರು. ನನಗೆ ಕೋಪ ಉಕ್ಕಿತು. ಪಕ್ಕದಲ್ಲಿದ್ದ ಮಾಪಿಳ್ಳೆ ಅಕ್ಕನ ಬೆರಳು ಮಾತ್ರ ಜಪದ ತಸ್ಬೀಹ್ ಮಣಿಗಳನ್ನು ಎಣಿಸುವುದನ್ನು ನಿಲ್ಲಿಸಲಿಲ್ಲ. ಅದನ್ನು ನೋಡಿ ನಾನೂ ಕೊಡಗಿನ ದೇವರು ಇಗ್ಗುತ್ತಪ್ಪನನ್ನು ನೆನೆದು ಬಾಯಿ ಬಿಗಿಹಿಡಿದೆ. ನಮ್ಮಲ್ಲಿ ಒಬ್ಬರು ತಿರುಗಿ ಬೈದಿದ್ದರೂ ಅವತ್ತು ಮತ್ತೊಂದು ಗಲಾಟೆ ಆಗುತ್ತಿತ್ತು. ಆ ಹೊತ್ತಲ್ಲಿ ನಮ್ಮನ್ನು ಹಿಡಿದು ಕೂರಿಸಿದ್ದು ಪ್ರಾರ್ಥನೆಯೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎದ್ದ ಮೇಲೆ ಎಲ್ಲರೂ ಜೊತೆಯಾಗಿಯೇ ಸಂತೆಗೆ ಹೋದೆವು. ಜಗಳವಾದ ಬೀದಿಯ ಎರಡೂ ಕಡೆಯ ಅಂಗಡಿಗಳಲ್ಲಿ ಬೇಕೆಂದೇ ತರಕಾರಿ ಕೊಂಡೆವು.