ಒಂದೇ ಗಿಡಕ್ಕೆ ಎರಡು ಬೆಲೆ: ಕಾರಣ ಪತ್ತೆ ಹಚ್ಚುವುದು ಹೇಗೆ?

ಗಾರ್ಡನ್ ಸೆಂಟರ್‌ನಲ್ಲಿ ನೋಡಿದ ಗಿಡವೇ ಸಣ್ಣ ನರ್ಸರಿಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ. ಇನ್ನೊಂದು ಗಿಡಕ್ಕೆ ಬಂದರೆ ಲೆಕ್ಕ ಉಲ್ಟಾ, ನರ್ಸರಿಯವರೇ ಜಾಸ್ತಿ ಹೇಳುತ್ತಾರೆ. ಯಾರೋ ಟೋಪಿ ಹಾಕುತ್ತಿದ್ದಾರೆ ಅನ್ನಿಸುವುದು ಸಹಜ. ಆದರೆ ಹೆಚ್ಚಿನ ಸಲ ಮೋಸವೇನೂ ಇರುವುದಿಲ್ಲ. ಹೆಸರು ಒಂದೇ ಆದರೂ ಎರಡು ಕಡೆ ಇರುವ ಸರಕು ಬೇರೆ ಬೇರೆ. ಆ ಗಿಡ ಎಷ್ಟು ಕಾಲ ಬೆಳೆದಿದೆ, ಅಷ್ಟು ಕಾಲ ಅದನ್ನು ಯಾರು ಸಾಕಿದರು ಎಂಬುದರ ಮೇಲೆ ಬೆಲೆಯ ದೊಡ್ಡ ಪಾಲು ನಿಂತಿರುತ್ತದೆ. ಇದನ್ನು ಅಂಗಡಿಯಲ್ಲಿ ನಿಂತಲ್ಲೇ ಅಂದಾಜು ಮಾಡಬಹುದು.

ಹಂತ 1: ಚೀಟಿಯಲ್ಲಿ ಪೂರ್ತಿ ಹೆಸರು ಓದಿ

‘ಗುಲಾಬಿ’ ಅಂತಷ್ಟೇ ಬರೆದಿದ್ದರೆ ಅದನ್ನು ಇನ್ನೊಂದು ಗುಲಾಬಿಯ ಜೊತೆ ಹೋಲಿಸಲು ಬರುವುದಿಲ್ಲ. ತಳಿಯ ಹೆಸರು ಬೇಕು. ಹೊಸ ತಳಿ ಬೆಳೆಸಿದವರಿಗೆ ಅದರ ಮೇಲೆ ಹಕ್ಕು ಇರುತ್ತದೆ. ಅಮೆರಿಕ 1930ರಲ್ಲೇ ಗಿಡಗಳಿಗೆ ಪೇಟೆಂಟ್ ಕೊಡುವ ಕಾನೂನು ಮಾಡಿತು. ಹೊಸ ತಳಿಗಳ ಹಕ್ಕು ಕಾಯಲು ಹಲವು ದೇಶಗಳು ಒಪ್ಪಿರುವ ‘ಯುಪೋವ್’ ಒಪ್ಪಂದ 1961ರಲ್ಲಿ ಬಂತು. ಅದರ 1991ರ ರೂಪದಲ್ಲಿ ಈ ಹಕ್ಕು ಕನಿಷ್ಠ 20 ವರ್ಷ, ಮರ ಮತ್ತು ದ್ರಾಕ್ಷಿ ಬಳ್ಳಿಗಳಿಗೆ ಕನಿಷ್ಠ 25 ವರ್ಷ. ಅಷ್ಟು ಕಾಲ ಆ ತಳಿಯ ಸಸಿ ಮಾಡುವವರು ಪ್ರತಿ ಗಿಡಕ್ಕೂ ರಾಯಲ್ಟಿ ಕಟ್ಟಬೇಕಾಗಬಹುದು. ಬಣ್ಣದ ಕುಂಡ, ದೊಡ್ಡ ಫೋಟೊ ಇರುವ ಚೀಟಿ, ಜಾಹೀರಾತು ಎಲ್ಲದರ ಖರ್ಚೂ ಅದರ ಮೇಲೆ ಬೀಳುತ್ತದೆ.

ಅವಧಿ ಮುಗಿದ ಮೇಲೆ ಅದೇ ತಳಿಯನ್ನು ಯಾರು ಬೇಕಾದರೂ ಮಾಡಬಹುದು. ಸಣ್ಣ ನರ್ಸರಿಗಳಲ್ಲಿ ಇಂಥ ಹಳೆಯ ತಳಿಗಳೇ ಹೆಚ್ಚು. ‘ಈ ವರ್ಷ ಹೊಸದಾಗಿ ಬಂದಿದೆ’ ಎಂಬ ಬೋರ್ಡ್ ಕಂಡರೆ ಎರಡು ಸಲ ಯೋಚಿಸಿ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಹಳೆಯ ತಳಿಗೂ ಅದಕ್ಕೂ ವ್ಯತ್ಯಾಸ ಕಾಣದೇ ಹೋಗಬಹುದು.

ಹಂತ 2: ಕುಂಡ ಅಳೆಯಿರಿ, ಕಡ್ಡಿ ಎಣಿಸಿ

ಗಿಡದ ಎತ್ತರ ನೋಡಿ ಬೆಲೆ ಹೋಲಿಸುವವರೇ ಜಾಸ್ತಿ. ಬೆಳೆಸುವವರು ಮಾತ್ರ ಕುಂಡದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಬಾಯಿ 10 ಸೆಂ.ಮೀ. ಇರುವ ಕುಂಡಕ್ಕೂ 15 ಸೆಂ.ಮೀ. ಇರುವುದಕ್ಕೂ ಕಣ್ಣಿಗೆ ದೊಡ್ಡ ವ್ಯತ್ಯಾಸವಿಲ್ಲ. ಆಳವೂ ಅದೇ ಪ್ರಮಾಣದಲ್ಲಿ ಹೆಚ್ಚಿದರೆ ಒಳಗೆ ಹಿಡಿಯುವ ಮಣ್ಣು ಮೂರು ಪಟ್ಟಿಗೂ ಜಾಸ್ತಿ. ಮಣ್ಣು, ನೀರು, ಬೆಂಚಿನ ಮೇಲಿನ ಜಾಗ, ಲಾರಿಯಲ್ಲಿ ಹಿಡಿಯುವ ಜಾಗ ಎಲ್ಲವೂ ಅದರ ಜೊತೆ ಏರುತ್ತವೆ.

ಇಲ್ಲೊಂದು ಚಾಲಾಕಿ ಇದೆ. ಸಣ್ಣ ಕುಂಡದ ಗಿಡವನ್ನು ನಿನ್ನೆ ಮೊನ್ನೆ ದೊಡ್ಡ ಕುಂಡಕ್ಕೆ ಹಾಕಿ ದೊಡ್ಡ ಗಿಡದ ಬೆಲೆಗೆ ಇಟ್ಟಿರುತ್ತಾರೆ. ಬುಡ ಹಿಡಿದು ಮೆಲ್ಲಗೆ ಅಲುಗಾಡಿಸಿ. ಗಿಡ ಸಡಿಲವಾಗಿ ಆಡಿದರೆ, ಕೆಳಗಿನ ತೂತಿನಲ್ಲಿ ಒಂದು ಬೇರೂ ಕಾಣದಿದ್ದರೆ, ನೀವು ಕೊಡುತ್ತಿರುವುದು ಮಣ್ಣಿನ ದುಡ್ಡು.

ಆಮೇಲೆ ಬುಡದಲ್ಲಿ ಎಷ್ಟು ಕಡ್ಡಿ ಇದೆ ನೋಡಿ. ಸಣ್ಣ ಕುಂಡದ ಮಿನಿ ಗುಲಾಬಿ ಒಂದೇ ಪೊದೆಯಂತೆ ಕಾಣುತ್ತದೆ. ಅಸಲಿಗೆ ಅಲ್ಲಿ ಮೂರು ನಾಲ್ಕು ಕಟಿಂಗ್‌ಗಳನ್ನು ಒಟ್ಟಿಗೆ ಊರಿರುತ್ತಾರೆ. ಮನೆಯೊಳಗೆ ಇಡುವ ಪಾರ್ಲರ್ ಪಾಮ್‌ನ ಕುಂಡದಲ್ಲಿ ಬೀಜದಿಂದ ಹುಟ್ಟಿದ ಸಸಿಗಳ ಗುಂಪೇ ಇರುತ್ತದೆ. ತೂಗು ಬುಟ್ಟಿಯ ಮನಿ ಪ್ಲಾಂಟ್ ಕೂಡ ಹೀಗೇ. ಗಾರ್ಡನ್ ಸೆಂಟರ್‌ನಲ್ಲಿ ಎಂಟು ಕಡ್ಡಿ ಇರುವ ಬುಟ್ಟಿ, ನರ್ಸರಿಯಲ್ಲಿ ಎರಡು ಕಡ್ಡಿ ಇರುವ ಬುಟ್ಟಿ. ಬೆಲೆ ದುಪ್ಪಟ್ಟಾದರೂ ಮೊದಲನೆಯದೇ ಲಾಭ ಅಲ್ವಾ? ಪೊದೆ ಬೇಗ ತುಂಬಬೇಕು ಅನ್ನುವವರಿಗೆ ಹೌದು. ಕಾಯಲು ತಯಾರಿರುವವರು ಎರಡು ಕಡ್ಡಿಯದನ್ನು ತಂದು ತುದಿ ಚಿವುಟಿ, ಆ ತುದಿಗಳನ್ನೇ ಊರಿ ಬುಟ್ಟಿ ತುಂಬಿಸಿಕೊಳ್ಳಬಹುದು.

ಹಂತ 3: ಸಸಿ ಮಾಡಿದ್ದು ಹೇಗೆ ಅಂತ ಕೇಳಿ

ಬೆಲೆಯ ಗುಟ್ಟು ಹೆಚ್ಚಾಗಿ ಇರುವುದು ಇಲ್ಲೇ. ಬೀಜದಿಂದ ಬರುವ ಚೆಂಡು ಹೂ, ಪೆಟೂನಿಯಾದಂಥವು ಕೆಲವೇ ವಾರಗಳಲ್ಲಿ ಮಾರಾಟಕ್ಕೆ ತಯಾರು. ದೊಡ್ಡ ಬೆಳೆಗಾರರಲ್ಲಿ ಟ್ರೇಗೆ ಬೀಜ ಹಾಕುವುದೂ ಯಂತ್ರ, ನೀರು ಕೊಡುವುದೂ ಯಂತ್ರ. ಈ ಸರಕಿನಲ್ಲಿ ಸಣ್ಣ ನರ್ಸರಿಗೆ ಅವರ ಜೊತೆ ಪೈಪೋಟಿ ಕಷ್ಟ. ಸೀಸನ್ ಹೂಗಳು ಗಾರ್ಡನ್ ಸೆಂಟರ್‌ನಲ್ಲಿ ಅಗ್ಗವಾಗಿದ್ದರೆ ಅನುಮಾನ ಪಡದೆ ತನ್ನಿ.

ಕಟಿಂಗ್‌ನಿಂದ ಬರುವ ದಾಸವಾಳ, ಕ್ರೋಟನ್‌ನಂಥವುಗಳಲ್ಲಿ ನರ್ಸರಿಯವರ ಕೈ ಮೇಲು. ತಾಯಿಗಿಡ ಹಿತ್ತಲಲ್ಲೇ ಇರುತ್ತದೆ, ಕಡ್ಡಿಗೆ ಖರ್ಚಿಲ್ಲ, ಕೆಲಸ ಮನೆಮಂದಿಯದು. ತಮ್ಮ ದುಡಿಮೆಗೆ ಕೂಲಿ ಹಾಕದೆ ಬೆಲೆ ಹೇಳುವವರೂ ಇದ್ದಾರೆ. ಗಿಡ ಅಗ್ಗವಾಗಲು ಇದೂ ಒಂದು ಕಾರಣ. ಅಲ್ಲಿ ಚೌಕಾಸಿಗೆ ಇಳಿಯುವ ಮುಂಚೆ ಇದನ್ನು ನೆನಪಿಡಿ.

ಕಸಿ ಗಿಡದ ಲೆಕ್ಕವೇ ಬೇರೆ. ಮೊದಲು ಬೇರು ಕೊಡುವ ಸಸಿ ಬೆಳೆಸಬೇಕು. ಆಮೇಲೆ ಕೈ ಪಳಗಿದವರು ಕಸಿ ಕಟ್ಟಬೇಕು. ಅದು ಹತ್ತಬೇಕು. ಹತ್ತದೆ ಸತ್ತವುಗಳ ನಷ್ಟ ಬದುಕಿದವುಗಳ ಬೆಲೆಗೆ ಸೇರುತ್ತದೆ. ಕೊಟ್ಟ ದುಡ್ಡಿಗೆ ಸಿಗುವುದು ಸಮಯ. ಬೀಜದಿಂದ ಬಂದ ಸೇಬಿನ ಗಿಡ ಫಲ ಕೊಡಲು ಹಲವು ವರ್ಷ ಬೇಕು, ಹಣ್ಣು ಹೇಗಿರುತ್ತದೋ ಗ್ಯಾರಂಟಿಯೂ ಇಲ್ಲ. ಮರವನ್ನು ಗಿಡ್ಡವಾಗಿಡುವ ‘ಎಂ 9’ ಎಂಬ ಬೇರು ಸಸಿಯ ಮೇಲೆ ಕಸಿ ಕಟ್ಟಿದ್ದು ಎರಡು ಮೂರು ವರ್ಷಕ್ಕೇ ಫಲಕ್ಕೆ ಬರುತ್ತದೆ. ಹಾಗಾಗಿ ಹಣ್ಣಿನ ಗಿಡ ತೀರಾ ಅಗ್ಗಕ್ಕೆ ಸಿಕ್ಕರೆ ಬುಡದ ಹತ್ತಿರ ಕಸಿಯ ಗಂಟು ಇದೆಯಾ ನೋಡಿ.

ನಾಲ್ಕನೆಯ ವಿಧಾನ ಟಿಶ್ಯೂ ಕಲ್ಚರ್, ಅಂದರೆ ಗಿಡದ ಸಣ್ಣ ಚೂರನ್ನು ಪ್ರಯೋಗಾಲಯದಲ್ಲಿ ಪೋಷಕ ಮಿಶ್ರಣದಲ್ಲಿಟ್ಟು ಸಸಿ ಮಾಡುವುದು. ಫ್ರಾನ್ಸ್‌ನ ಜಾರ್ಜ್ ಮೊರೆಲ್ 1960ರಲ್ಲಿ ಆರ್ಕಿಡ್‌ನ ಚಿಗುರು ತುದಿಯಿಂದ ಸಸಿ ಮಾಡುವ ದಾರಿ ತೋರಿಸಿದರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಸಿದ್ಧಪಡಿಸಿದ ಪೋಷಕ ಮಿಶ್ರಣವನ್ನು ಪ್ರಯೋಗಾಲಯಗಳು ಇವತ್ತಿಗೂ ಬಳಸುತ್ತವೆ. ಒಂದು ಕಾಲಕ್ಕೆ ಸಿರಿವಂತರ ಗಾಜಿನ ಮನೆಗಳಲ್ಲಷ್ಟೇ ಇದ್ದ ಆರ್ಕಿಡ್ ಈಗ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ ಅಂದರೆ ಕಾರಣ ಇದು.

ಮನೆಯೊಳಗೆ ಇಡುವ ದೊಡ್ಡ ಎಲೆಯ ಗಿಡ ಮಾನ್‌ಸ್ಟೆರಾದ ಬಿಳಿ ಚುಕ್ಕೆಯ ತಳಿಗಳನ್ನೇ ನೋಡಿ. ‘ಥಾಯ್ ಕಾನ್‌ಸ್ಟೆಲೇಷನ್’ ಟಿಶ್ಯೂ ಕಲ್ಚರ್‌ನಲ್ಲಿ ಸಾವಿರಗಟ್ಟಲೆ ತಯಾರಾಗುತ್ತದೆ. ಹಾಗಾಗಿ ಸಂಗ್ರಹಕಾರರ ಕೈಯಲ್ಲಿದ್ದ ಗಿಡ ದೊಡ್ಡ ಅಂಗಡಿಗಳಿಗೆ ಬಂತು, ಬೆಲೆ ಇಳಿಯಿತು. ‘ಆಲ್ಬೊ’ ಹಾಗಲ್ಲ. ಅದರಲ್ಲಿ ಹಸಿರು ಜೀವಕೋಶ, ಬಿಳಿ ಜೀವಕೋಶ ಬೆರೆತಿರುತ್ತವೆ. ಟಿಶ್ಯೂ ಕಲ್ಚರ್‌ನಲ್ಲಿ ಆ ಬೆರಕೆ ಹಾಗೇ ಉಳಿಯುತ್ತದೆ ಅನ್ನುವಂತಿಲ್ಲ. ಹೀಗಾಗಿ ಸಾಮಾನ್ಯವಾಗಿ ಒಂದೊಂದೇ ಗೆಣ್ಣು ಕತ್ತರಿಸಿ ಬೆಳೆಸುತ್ತಾರೆ. ಇಂಥದ್ದರಲ್ಲಿ ಸಣ್ಣ ನರ್ಸರಿ ದುಬಾರಿಯಾಗಿದ್ದರೆ ಅಚ್ಚರಿಯಿಲ್ಲ.

ಅಪರೂಪ ಅನ್ನುವ ಮಾತಿಗೆ ಮಾತ್ರ ಬೇಗ ಮರುಳಾಗಬೇಡಿ. ‘ಪಿಂಕ್ ಕಾಂಗೊ’ ಹೆಸರಿನಲ್ಲಿ ಗುಲಾಬಿ ಎಲೆಯ ಫಿಲೊಡೆಂಡ್ರಾನ್ ಒಂದಷ್ಟು ಕಾಲ ಭಾರೀ ಬೆಲೆಗೆ ಹೋಯಿತು. ಆ ಗುಲಾಬಿ ರಾಸಾಯನಿಕದಿಂದ ಬಂದದ್ದು. ಕೆಲವು ತಿಂಗಳ ನಂತರ ಹೊಸ ಎಲೆಗಳು ಹಸಿರಾಗಿಯೇ ಬಂದವು.

ಹಂತ 4: ಬೆಳೆಸಿದ್ದು ಯಾರು?

‘ಇದು ನೀವೇ ಮಾಡಿದ್ದಾ, ತರಿಸಿದ್ದಾ?’ ಅಂತ ನರ್ಸರಿಯವರನ್ನು ನೇರವಾಗಿ ಕೇಳಿ. ಎಷ್ಟೋ ಸಣ್ಣ ನರ್ಸರಿಗಳು ಸಗಟು ಬೆಳೆಗಾರರಿಂದ ಬೆರಳುದ್ದದ ಸಸಿ ತರಿಸಿ ಕುಂಡಕ್ಕೆ ಹಾಕಿ ಮಾರುತ್ತವೆ. ಗಾರ್ಡನ್ ಸೆಂಟರ್‌ಗೂ ಅದೇ ಬೆಳೆಗಾರರ ಮಾಲು ಬಂದಿರಬಹುದು. ಆಗ ವ್ಯತ್ಯಾಸ ಉಳಿಯುವುದು ಅಂಗಡಿಯ ಖರ್ಚಿನಲ್ಲಿ: ಬಾಡಿಗೆ, ಪಾರ್ಕಿಂಗ್, ಸಂಬಳ, ‘ಸತ್ತರೆ ಬದಲಿ ಕೊಡುತ್ತೇವೆ’ ಎಂಬ ಭರವಸೆ. ಬದಲಿ ಕೊಡುವ ಗಿಡದ ದುಡ್ಡನ್ನು ಉಳಿದ ಗಿರಾಕಿಗಳು ಹಂಚಿಕೊಂಡು ಕಟ್ಟಿರುತ್ತಾರೆ.

ದೊಡ್ಡ ಅಂಗಡಿಗೆ ಅನುಕೂಲಗಳೂ ಇವೆ. ಲಾರಿಗಟ್ಟಲೆ ಕೊಳ್ಳುವುದರಿಂದ ಬೆಲೆ ತಗ್ಗುತ್ತದೆ. ಕೆಲವು ದೊಡ್ಡ ಸರಣಿ ಅಂಗಡಿಗಳು ಗಿಡ ಕೌಂಟರ್‌ನಲ್ಲಿ ಬಿಲ್ ಆದಾಗ ಮಾತ್ರ ಬೆಳೆಗಾರರಿಗೆ ದುಡ್ಡು ಕೊಡುತ್ತವೆ. ಬಾಡಿ ಹೋದ ಗಿಡದ ನಷ್ಟ ಬೆಳೆಗಾರರದ್ದೇ. ಇನ್ನು ಕೆಲವೆಡೆ ಒಂದೆರಡು ಗಿಡಗಳನ್ನು ಲಾಭವಿಲ್ಲದೆ, ಕೆಲವೊಮ್ಮೆ ನಷ್ಟಕ್ಕೇ ಮಾರುತ್ತಾರೆ. ಆ ಗಿಡಕ್ಕಾಗಿ ಒಳಗೆ ಬಂದವರು ಕುಂಡ, ಗೊಬ್ಬರ, ಮಣ್ಣಿನ ಚೀಲ ಕೊಳ್ಳದೆ ಹೋಗುವುದಿಲ್ಲ ಎಂಬ ಲೆಕ್ಕ ಅವರದು. ಹೀಗಾಗಿ ಗಿಡದ ಬೆಲೆ ಒಂದನ್ನೇ ನೋಡಬೇಡಿ. ಇಡೀ ಬಿಲ್ ಎಷ್ಟಾಗುತ್ತದೆ ನೋಡಿ.

ದೊಡ್ಡ ಅಂಗಡಿಯ ಗಿಡಗಳೆಲ್ಲ ಒಂದೇ ಎತ್ತರ ಇರುವುದನ್ನು ಗಮನಿಸಿದ್ದೀರಾ? ಗಿಡ ಸಾಗಿಸುವ ಟ್ರಾಲಿಯ ಅರೆಗಳಲ್ಲಿ ಸರಿಯಾಗಿ ಕೂರಬೇಕು, ಅದಕ್ಕೆ. ಕೆಲವು ಹೂಗಿಡಗಳಿಗೆ ಬೆಳವಣಿಗೆ ತಗ್ಗಿಸುವ ಔಷಧಿ ಕೊಟ್ಟಿರುತ್ತಾರೆ. ಮನೆಗೆ ಬಂದು ಅದರ ಪ್ರಭಾವ ಇಳಿದ ಮೇಲೆ ಗಿಡ ಉದ್ದುದ್ದ ಬೆಳೆಯುತ್ತದೆ. ಅದು ರೋಗವಲ್ಲ.

ಹಂತ 5: ಬೇರು ನೋಡಿ, ಆಮೇಲೆ ಬೆಲೆ ಒಪ್ಪಿ

ಅಗ್ಗದ ಗಿಡವೂ ದುಬಾರಿ ಗಿಡವೂ ಕೊನೆಗೆ ಪಾಸಾಗಬೇಕಾದ್ದು ಇಲ್ಲಿ. ಅಂಗಡಿಯವರನ್ನು ಕೇಳಿ ಕುಂಡದಿಂದ ಗಿಡವನ್ನು ಸ್ವಲ್ಪ ಜಾರಿಸಿ ನೋಡಿ. ಮಣ್ಣು ಉದುರದೆ ನಿಲ್ಲಬೇಕು, ಅಂಚಿನಲ್ಲಿ ಗಟ್ಟಿ ಬೇರುಗಳು ಕಾಣಬೇಕು. ಬೇರು ಕಪ್ಪಾಗಿ ಮೆತ್ತಗಿದ್ದು ವಾಸನೆ ಬಂದರೆ ಪುಕ್ಕಟೆ ಕೊಟ್ಟರೂ ಬೇಡ. ಬೇರು ಸುತ್ತಿ ಸುತ್ತಿ ಚಾಪೆಯಂತಾಗಿದ್ದರೆ ಗಿಡ ಬಹಳ ದಿನ ಮಾರಾಟವಾಗದೆ ನಿಂತಿದೆ ಎಂದರ್ಥ. ಎಲೆ ಗಿಡಕ್ಕೆ, ಸಣ್ಣ ಪೊದೆಗೆ ಇದು ದೊಡ್ಡ ದೋಷವಲ್ಲ, ಬೆಲೆ ಇಳಿಸಲು ಕೇಳಬಹುದು. ಮರವಾಗುವ ಗಿಡಕ್ಕೆ ಮಾತ್ರ ರಿಯಾಯಿತಿ ಕೊಟ್ಟರೂ ಬಿಡಿ. ಸುತ್ತಿಕೊಂಡ ಬೇರು ಮುಂದೆ ಕಾಂಡವನ್ನೇ ಬಿಗಿಯಬಹುದು.

ಸೀಸನ್ ಮುಗಿದಾಗ ಹೂ ಉದುರಿದ ಗಿಡಗಳನ್ನು ಮೂಲೆಯಲ್ಲಿಟ್ಟು ರಿಯಾಯಿತಿಗೆ ಹಾಕುತ್ತಾರೆ. ಹೂವಿರುವ ಗಿಡಕ್ಕೆ ಜನ ಜಾಸ್ತಿ ಕೊಡುತ್ತಾರೆ, ಹೂ ಹೋದ ಕೂಡಲೇ ಬೆಲೆ ಬೀಳುತ್ತದೆ. ಒಂದೇ ಋತುವಿನಲ್ಲಿ ಸಾಯುವ ಗಿಡವಾದರೆ ಅಲ್ಲಿ ಕೊಳ್ಳಲು ಏನೂ ಇಲ್ಲ. ವರ್ಷಗಟ್ಟಲೆ ಬಾಳುವ ಗಿಡವಾದರೆ ನನ್ನ ಮಟ್ಟಿಗೆ ಎರಡೂ ಕಡೆ ಸಿಗುವ ಒಳ್ಳೆಯ ವ್ಯಾಪಾರ ಇದೇ. ಎಲೆಯ ಅಡಿ, ಗೆಣ್ಣಿನ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯಾ ನೋಡಿಕೊಳ್ಳಿ. ತಂದ ಮೇಲೆ ಎರಡು ವಾರ ಉಳಿದ ಗಿಡಗಳಿಂದ ದೂರ ಇಡಿ, ಒಣಗಿದ ಹೂದಂಟು ಕತ್ತರಿಸಿ, ಹೊಸ ಚಿಗುರು ಕಂಡ ಮೇಲೆ ಗೊಬ್ಬರ ಕೊಡಿ.