ನಾಯಿ ತಲೆ ವಾಲಿಸಿದೆ: ತೊಂದರೆ ಕಿವಿಯಲ್ಲೋ, ಮಿದುಳಲ್ಲೋ?

ರಾತ್ರಿ ಚೆನ್ನಾಗಿಯೇ ಮಲಗಿದ್ದ ನಾಯಿ, ಬೆಳಿಗ್ಗೆ ಏಳಲು ಹೋಗಿ ಎಡಕ್ಕೆ ಬೀಳುತ್ತದೆ. ತಲೆಯೂ ಎಡಕ್ಕೇ ವಾಲಿದೆ. ಕಣ್ಣುಗುಡ್ಡೆ ಅತ್ತಿತ್ತ ಜಗ್ಗುತ್ತಿದೆ. ನೋಡಿದವರೆಲ್ಲ ಲಕ್ವ ಹೊಡೆದಿದೆ ಅಂತಾರೆ. ಪಶುವೈದ್ಯರು ಮಾತ್ರ ಕಾಯಿಲೆಯ ಹೆಸರಿಗೆ ಅವಸರ ಮಾಡುವುದಿಲ್ಲ. ಅವರ ಮೊದಲ ಪ್ರಶ್ನೆ, ತೊಂದರೆ ಎಲ್ಲಿದೆ?

ಇದಕ್ಕೆ ಉತ್ತರ ಸಿಗುವುದು 12 ಜೊತೆ ಕಪಾಲ ನರಗಳಲ್ಲಿ, ಅಂದರೆ ಕಣ್ಣು, ಕಿವಿ, ಮುಖ, ನಾಲಿಗೆಗಳನ್ನು ನೇರವಾಗಿ ಮಿದುಳಿಗೆ ಜೋಡಿಸುವ ನರಗಳಲ್ಲಿ. ಮೊದಲ ಎರಡು ಮುಂಮಿದುಳಿಗೆ ಸೇರಿದವು. ಉಳಿದವುಗಳಲ್ಲಿ ಹೆಚ್ಚಿನವು ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳಿನ ಕಾಂಡದಿಂದ ಹೊರಡುತ್ತವೆ. ಯಾವುದು ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾದರೆ ಜಾಗವೂ ಹೆಚ್ಚುಕಡಿಮೆ ಗೊತ್ತಾದಂತೆ.

ಮೊದಲು ದೂರದಿಂದ ನೋಡಿ. ಕರೆದರೆ ತಿರುಗುತ್ತದೆಯೇ? ಮಂಕಾಗಿದೆಯೇ? ಸುಮ್ನೆ ಒಂದೇ ಕಡೆಗೆ ಸುತ್ತುತ್ತಿದೆಯೇ? ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು 5ನೇ ನರದ ಊತ ಇರಬಹುದು, ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುವಂಥದ್ದು. ಆದರೆ ರೇಬೀಸ್‌ ಕೂಡ ಹೀಗೇ ಕಾಣುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಅಂದುಕೊಂಡು ಬಾಯಿಗೆ ಕೈ ಹಾಕಬೇಡಿ.

ನಂತರ ಕಣ್ಣು. ಒಂದು ಕಣ್ಣು ಮುಚ್ಚಿ, ಇನ್ನೊಂದರ ಕಡೆಗೆ ಕೈ ತಂದು ಹೆದರಿಸಿದರೆ ನಾಯಿ ರೆಪ್ಪೆ ಮಿಟುಕಿಸಬೇಕು. ಹೊಸಬರು ಎಡವುವುದು ಇಲ್ಲೇ. ಜೋರಾಗಿ ಕೈ ಬೀಸಿದರೆ ಗಾಳಿ ಕಣ್ಣಿಗೆ ತಾಗಿ, ಕುರುಡು ನಾಯಿಯೂ ಮಿಟುಕಿಸುತ್ತದೆ! ಕೈ ನಿಧಾನಕ್ಕೆ ಬರಲಿ, ಮೀಸೆಗೂ ತಾಗದಿರಲಿ. ಇನ್ನೊಂದು ವಿಷಯ, ಇದು ಹುಟ್ಟಿನಿಂದ ಬರುವ ಪ್ರತಿಕ್ರಿಯೆ ಅಲ್ಲ, ಕಲಿತದ್ದು. 10–12 ವಾರ ತುಂಬದ ಮರಿ ಮಿಟುಕಿಸದಿದ್ದರೆ ಗಾಬರಿ ಬೇಡ.

ಈ ಒಂದು ಮಿಟುಕಿನ ದಾರಿ ಬಹಳ ಉದ್ದ. 2ನೇ ನರದಿಂದ ಎದುರು ಬದಿಯ ಮುಂಮಿದುಳಿಗೆ, ಅಲ್ಲಿಂದ ಕಿರುಮಿದುಳಿನ ಮೂಲಕ ಬಂದು, ಕೊನೆಗೆ 7ನೇ ನರ ರೆಪ್ಪೆ ಮುಚ್ಚುತ್ತದೆ. ಎಲ್ಲಿ ತುಂಡಾಗಿದೆ ಎಂದು ತಿಳಿಯಲು ಟಾರ್ಚ್ ಬಿಡಬೇಕು. ಬೆಳಕಿಗೆ ಪಾಪೆ ಕಿರಿದಾಗಲು 2 ಮತ್ತು 3ನೇ ನರ ಸಾಕು, ಮುಂಮಿದುಳಿನ ಹೊರಪದರ ಬೇಕಿಲ್ಲ. ಪಾಪೆ ಸರಿಯಾಗಿ ಕಿರಿದಾಗುತ್ತದೆ, ಮುಟ್ಟಿದರೆ ರೆಪ್ಪೆಯೂ ಮುಚ್ಚುತ್ತದೆ, ಆದರೂ ಬಲಗಣ್ಣು ಹೆದರಿಸಿದರೆ ಮಿಟುಕುತ್ತಿಲ್ಲ ಅನ್ನಿ. ಆಗ ಒಂದು ಹತ್ತಿ ಉಂಡೆ ಬೀಳಿಸಿ. ನಾಯಿ ಆ ಕಣ್ಣಿನಿಂದ ಅದನ್ನು ನೋಡದಿದ್ದರೆ ಅನುಮಾನ ಎಡ ಮುಂಮಿದುಳಿನ ಮೇಲೆ. ನೋಡಿಯೂ ಮಿಟುಕಿಸದಿದ್ದರೆ ಬಲಗಡೆಯ ಕಿರುಮಿದುಳಿನ ಮೇಲೆ.

ಮುಖ ಬೇಗ ಮುಗಿಯುತ್ತದೆ. ಕಣ್ಣಿನ ಮೂಲೆ ಮುಟ್ಟಿದ್ದು 5ನೇ ನರಕ್ಕೆ ತಿಳಿಯುತ್ತದೆ, ರೆಪ್ಪೆ ಮುಚ್ಚುವುದು 7ನೆಯದು. ತಲೆ ಹಿಂದಕ್ಕೆಳೆದುಕೊಂಡಿತು, ರೆಪ್ಪೆ ಮುಚ್ಚಲಿಲ್ಲ ಅಂದರೆ ಕೆಟ್ಟಿರುವುದು 7. ನುಂಗುವುದು 9 ಮತ್ತು 10ರ ಕೆಲಸ. ನಾಲಿಗೆ 12ರದ್ದು. ಅದು ಒಂದು ಬದಿಯಲ್ಲಿ ಸೋತರೆ ಹೊರಚಾಚಿದ ನಾಲಿಗೆ ಸೋತ ಬದಿಗೇ ತಿರುಗುತ್ತದೆ.

ಈಗ ವಾಲಿದ ತಲೆಗೆ ಬರೋಣ. ಸಮತೋಲ 8ನೇ ನರದ್ದು. ತೊಂದರೆ ಒಳಕಿವಿಯಲ್ಲಿದ್ದರೆ ತಲೆ ಆ ಬದಿಗೆ ವಾಲುತ್ತದೆ, ಕಣ್ಣುಗುಡ್ಡೆಯ ಜೋರು ಜಗ್ಗು ಎದುರು ಬದಿಗೆ ಇರುತ್ತದೆ. ಕಣ್ಣು ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಅಥವಾ ತಲೆಯ ಭಂಗಿ ಬದಲಿಸಿದಾಗ ಜಗ್ಗಿನ ದಿಕ್ಕೂ ಬದಲಾದರೆ ಮಿದುಳಿನ ಕಡೆ ನೋಡಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಹೇಳುವುದು ಪಾದ. ಹೊಟ್ಟೆಯ ಕೆಳಗೆ ಕೈ ಕೊಟ್ಟು ನಾಯಿಯನ್ನು ನಿಲ್ಲಿಸಿ. ಒಂದು ಪಾದ ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿರುವ ನಾಯಿ ತಕ್ಷಣ ತಿರುಗಿಸಿಕೊಳ್ಳುತ್ತದೆ. ಕಿವಿಯ ತೊಂದರೆ ಇರುವ ನಾಯಿ ಎಷ್ಟೇ ತೂರಾಡಿದರೂ ಇದನ್ನು ಮಾಡುತ್ತದೆ. ಪಾದ ಮಡಚಿದಂತೆಯೇ ಉಳಿದರೆ ಮಿದುಳಿನ ಕಾಂಡ ಇಲ್ಲವೇ ಕಿರುಮಿದುಳು ಕೆಟ್ಟಿರಬೇಕು. ಕಿರುಮಿದುಳು ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ, ತಲೆ ತೊಂದರೆಯ ಎದುರು ಬದಿಗೆ ವಾಲಿರುತ್ತದೆ. ಆಗ ತಲೆಯನ್ನಲ್ಲ, ಪಾದವನ್ನು ನಂಬಿ. ಯಾವ ಬದಿಯ ಪಾದ ಸೋತಿದೆಯೋ ತೊಂದರೆ ಆ ಬದಿಯದು.

ತಲೆ ವಾಲಿ, ಅದೇ ಬದಿಯ ರೆಪ್ಪೆ ಮುಚ್ಚದೆ, ಪಾಪೆಯೂ ಕಿರಿದಾಗಿ, ಮೂರನೇ ರೆಪ್ಪೆ ಮೇಲೆದ್ದಿದೆಯೇ? ಹಾಗಿದ್ದರೆ ಕಿವಿಯೊಳಗೆ ನೋಡಿ. 7ನೇ ನರವೂ ಪಾಪೆ ಹಿಗ್ಗಿಸುವ ನರತಂತುಗಳೂ ನಡುಕಿವಿಯ ಪಕ್ಕದಲ್ಲೇ ಹಾದುಹೋಗುತ್ತವೆ. ಅಲ್ಲೊಂದು ಸೋಂಕಾಗಿ ಒಳಕಿವಿಗೂ ಹಬ್ಬಿದರೆ ಸಮತೋಲ, ರೆಪ್ಪೆ, ಪಾಪೆ ಮೂರೂ ಒಟ್ಟಿಗೆ ಕೆಡುತ್ತವೆ. ಹಸು ಕುರಿಗಳಲ್ಲಿ ಒಂದು ಕಿವಿ ಜೋತು, ಮಂಕು ಕವಿದು, ಗಿರಗಿರ ಸುತ್ತುತ್ತಿದ್ದರೆ ಮಿದುಳಿನ ಕಾಂಡಕ್ಕೆ ತಗಲುವ ಲಿಸ್ಟೀರಿಯಾ ಸೋಂಕು ನೆನಪಾಗಬೇಕು.

ಕಂಡದ್ದನ್ನೆಲ್ಲ ಎಡ, ಬಲ ಎಂದು ಎರಡು ಸಾಲಲ್ಲಿ ಬರೆದಿಡಿ. ಎಲ್ಲವನ್ನೂ ವಿವರಿಸುವ ಒಂದೇ ಜಾಗ ಇದೆಯೇ ಎಂದು ಹುಡುಕಿ. ಸಿಗದಿದ್ದರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯಂತೆ ಹಲವು ಕಡೆ ಹರಡುವ ಕಾಯಿಲೆಗಳ ಸರದಿ. ಇನ್ನೊಂದು, ಕಣ್ಣುಗುಡ್ಡೆ ಜಗ್ಗುವುದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ವಯಸ್ಸಾದ ನಾಯಿಗಳಲ್ಲಿ ಕಾರಣವೇ ಸಿಗದೆ ಬರುವ ಸಮತೋಲದ ತೊಂದರೆಯಲ್ಲಿ ಅದು ಕೆಲವೇ ದಿನಗಳಲ್ಲಿ ನಿಂತುಬಿಡುತ್ತದೆ. ಆಮೇಲೆ ವೈದ್ಯರಿಗೆ ಕಾಣುವುದು ವಾಲಿದ ತಲೆಯೊಂದೇ.