ಕಾಫಿ ಬಿಡಬೇಡಿ, ಹೊತ್ತು ಬದಲಿಸಿ: ಉಂಡ ಕಬ್ಬಿಣಾಂಶ ರಕ್ತಕ್ಕೆ ಸೇರುವ ಬಗೆ

ಮೂಡಿಗೆರೆ, ಸಕಲೇಶಪುರದ ಕಡೆ ಅಕ್ಕಿರೊಟ್ಟಿಯ ಕೊನೆಯ ತುತ್ತು ಇಳಿಯುವ ಮೊದಲೇ ಕಾಫಿ ಲೋಟ ಕೈಗೆ ಬರುತ್ತದೆ. ಅರಸೀಕೆರೆ, ಕಡೂರಿನ ಬಯಲಲ್ಲಿ ಮುದ್ದೆ ಉಂಡು ಕೈ ತೊಳೆದ ಬೆನ್ನಿಗೇ ಟೀ. ಎರಡೂ ಕಡೆ ಹೆಣ್ಣುಮಕ್ಕಳ ಮಾತು ಒಂದೇ: ‘ಸೊಪ್ಪು ತಿಂತೀನಿ, ಕಾಳು ತಿಂತೀನಿ, ರಕ್ತ ಮಾತ್ರ ಏರ್ತಾ ಇಲ್ಲ.’ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಹೊತ್ತಿಗೆ ಕಾಲು ಸೋಲು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿಚು.

ತಟ್ಟೆಯಲ್ಲಿ ಕಬ್ಬಿಣಾಂಶ ಎಷ್ಟಿತ್ತು ಎನ್ನುವುದಕ್ಕಿಂತ ಕರುಳು ಎಷ್ಟು ಹೀರಿಕೊಂಡಿತು ಎನ್ನುವುದೇ ಇಲ್ಲಿ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಂತೆ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಇಷ್ಟು ದೊಡ್ಡ ಸಂಖ್ಯೆ ಏಕೆಂದರೆ ನಮ್ಮ ಧಾನ್ಯ, ಕಾಳು, ಸೊಪ್ಪಿನ ಊಟದಲ್ಲಿ ಇರುವ ಕಬ್ಬಿಣದಲ್ಲಿ ನೂರಕ್ಕೆ ಹತ್ತು ಪಾಲೂ ಒಳಗೆ ಹೋಗುವುದಿಲ್ಲ. 100 ಗ್ರಾಂ ರಾಗಿಯಲ್ಲಿ 4ರಿಂದ 5 ಮಿಲಿಗ್ರಾಂ, ಹುರುಳಿಯಲ್ಲಿ 7ರಿಂದ 9 ಮಿಲಿಗ್ರಾಂ ಇದೆ. ಪಾಲಿಶ್ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಹಾಗಾಗಿ ಮೂರು ಹೊತ್ತೂ ಅಕ್ಕಿಯನ್ನೇ ಉಣ್ಣುವ ಮಲೆನಾಡಿನ ಮನೆಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಕಾಫಿಯ ಹೊತ್ತು

ಕಾಫಿ ಮತ್ತು ಟೀಯಲ್ಲಿರುವ ಪಾಲಿಫಿನಾಲ್‌ಗಳು, ಅಂದರೆ ಒಗರು ತರುವ ಅಂಶಗಳು, ಗಿಡಮೂಲದ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಕಟ್ಟಿಕೊಂಡ ಕಬ್ಬಿಣ ಮಲದ ಜೊತೆ ಹೊರಟುಹೋಗುತ್ತದೆ. ಇದು ಕೆಫೀನಿನ ಕೆಲಸವಲ್ಲ, ಆದ್ದರಿಂದ ಕೆಫೀನ್ ತೆಗೆದ ಪುಡಿ ತಂದರೂ ಪ್ರಯೋಜನವಿಲ್ಲ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ 39ರಷ್ಟು, ಟೀ ಶೇ 64ರಷ್ಟು ತಗ್ಗಿಸಿದವು. ಅದಕ್ಕಿಂತ ಗಮನಿಸಬೇಕಾದ್ದು ಹೊತ್ತಿನ ವಿಷಯ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಕೆಡಿಸಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದದ್ದು, ಊಟದ ಜೊತೆಯಲ್ಲೇ ಕುಡಿದಷ್ಟು ಕೆಡಿಸಿತು.

‘ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿದರೆ ಸಾಕು’ ಎಂಬ ಮಾತನ್ನು ಹಾಗಾಗಿ ಮರೆತುಬಿಡಿ. ಊಟಕ್ಕೆ ಮೊದಲು ಒಂದು ಗಂಟೆ, ಊಟದ ನಂತರ ಎರಡು ಗಂಟೆ, ಇಷ್ಟು ಅಂತರ ಇರಲಿ. ಕಾಫಿ ಸೀಮೆಯವರಿಗೆ ಕಾಫಿ ಬಿಡಿ ಎನ್ನುವುದು ನಡೆಯುವ ಮಾತಲ್ಲ, ಅದರ ಅಗತ್ಯವೂ ಇಲ್ಲ. ಬೆಳಿಗ್ಗೆ ಆರೂವರೆಗೆ ಎದ್ದ ಕೂಡಲೇ ಒಂದು ಲೋಟ. ಎಂಟು ಗಂಟೆಗೆ ತಿಂಡಿ, ಅದರ ಜೊತೆ ಬಿಸಿನೀರು ಮಾತ್ರ. ಹತ್ತೂವರೆಗೆ ಎರಡನೆಯ ಕಾಫಿ. ಮಧ್ಯಾಹ್ನ ಒಂದಕ್ಕೆ ಊಟ, ನಾಲ್ಕಕ್ಕೆ ಮೂರನೆಯ ಕಾಫಿ, ರಾತ್ರಿ ಎಂಟಕ್ಕೆ ಊಟ. ಲೋಟಗಳ ಲೆಕ್ಕ ಕಡಿಮೆಯಾಗಲಿಲ್ಲ, ಊಟಗಳಿಗೆ ಮಾತ್ರ ಕಾವಲು ಸಿಕ್ಕಿತು. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ತೋಟಕ್ಕೆ ಬುತ್ತಿಯ ಜೊತೆ ಫ್ಲಾಸ್ಕ್ ಒಯ್ಯುವವರು ಫ್ಲಾಸ್ಕನ್ನು ಬುತ್ತಿ ಬಿಚ್ಚುವ ಹೊತ್ತಿಗಲ್ಲ, ಅದಕ್ಕೆ ಒಂದು ಗಂಟೆ ಮೊದಲು ಖಾಲಿ ಮಾಡಲಿ.

ತಿಂಡಿಯ ಜೊತೆಗಿನ ಕಾಫಿಯನ್ನು ಬೇರ್ಪಡಿಸುವುದೇ ಎಲ್ಲಕ್ಕಿಂತ ಕಷ್ಟ. ಮೊದಲ ವಾರ ಕೈ ತಾನಾಗಿ ಲೋಟ ಹುಡುಕುತ್ತದೆ. ಆ ಜಾಗಕ್ಕೆ ಜೀರಿಗೆ ಕುದಿಸಿದ ಬಿಸಿನೀರನ್ನೋ, ನಿಂಬೆಹಣ್ಣು ಹಿಂಡಿದ ಉಗುರುಬೆಚ್ಚಗಿನ ನೀರನ್ನೋ ತನ್ನಿ. ಬರೀ ‘ಬಿಡು’ ಎಂದರೆ ಮೂರನೆಯ ದಿನಕ್ಕೆ ಹಳೆಯ ಅಭ್ಯಾಸ ವಾಪಸ್ ಬರುತ್ತದೆ. ಚಿಕ್ಕ ಮಕ್ಕಳಿಗಂತೂ ಬಿಸ್ಕತ್ತು ಅದ್ದಿಕೊಳ್ಳಲು ಟೀ, ಕಾಫಿ ಕೊಡುವುದನ್ನು ಪೂರ್ತಿ ನಿಲ್ಲಿಸಿ.

ರಾಗಿ, ಹುರುಳಿಗೆ ಮೊಳಕೆ

ರಾಗಿಗೂ ಕಾಳಿಗೂ ತಮ್ಮದೇ ಬೀಗ ಇದೆ. ಅದರ ಹೆಸರು ಫೈಟೇಟ್. ಕಾಳು ಮೊಳೆಯುವಾಗ ಅದರೊಳಗಿನ ಕಿಣ್ವವೇ ಈ ಬೀಗವನ್ನು ಸ್ವಲ್ಪ ಸ್ವಲ್ಪ ಬಿಚ್ಚುತ್ತದೆ. ಜೊತೆಗೆ ಮೊಳಕೆಯಲ್ಲಿ ಸಿ ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಬೇಯಿಸುವಾಗ, ಹುರಿಯುವಾಗ ಹೋಗುತ್ತದೆ, ಆದರೆ ಬಿಚ್ಚಿದ ಬೀಗ ಮತ್ತೆ ಬೀಳುವುದಿಲ್ಲ.

ಒಂದು ಕೆ.ಜಿ. ರಾಗಿ ತೆಗೆದುಕೊಳ್ಳಿ. ಮೊರದಲ್ಲಿ ಕೇರಿ, ನೀರಿನಲ್ಲಿ ನಾಲ್ಕೈದು ಸಲ ಜಾಲಿಸಿ. ಕಲ್ಲು, ಮರಳು ತಳದಲ್ಲಿ ಉಳಿಯುತ್ತವೆ. ತೇಲುವ ಜಳ್ಳನ್ನು ಚೆಲ್ಲಿ. ಹತ್ತರಿಂದ ಹನ್ನೆರಡು ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಆಮೇಲೆ ನೀರು ಪೂರ್ತಿ ಬಸಿದು, ಒಗೆದ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಗಾಳಿಯಾಡುವ ಬುಟ್ಟಿಯಲ್ಲಿಡಿ. ಗಂಟು ಬಿಗಿಯಾದರೆ ನಡುವಿನ ಕಾಳಿಗೆ ಗಾಳಿ ಸಿಗದೆ ಬಿಸಿಯೇರಿ ಹುಳಿವಾಸನೆ ಬರುತ್ತದೆ. ದಿನಕ್ಕೆರಡು ಸಲ ಬಿಚ್ಚಿ ಕೈಯಾಡಿಸಿ, ಒಣಗಿದ್ದರೆ ಒಂದಿಷ್ಟು ನೀರು ಚಿಮುಕಿಸಿ. ಬೇಸಿಗೆಯಲ್ಲಿ ಅರಸೀಕೆರೆಯಂಥ ಕಡೆ 24 ಗಂಟೆ ಸಾಕು. ಕೊಪ್ಪ, ಶೃಂಗೇರಿಯ ಮಳೆಗಾಲಕ್ಕೆ ಎರಡು ದಿನ ಹಿಡಿಯಬಹುದು. ಮೊಳಕೆ ಅರ್ಧ ಸೆಂಟಿಮೀಟರ್ ಆದಾಗ ನಿಲ್ಲಿಸಿ, ಉದ್ದ ಬಿಟ್ಟರೆ ಹಿಟ್ಟು ಕಹಿಯಾಗುತ್ತದೆ.

ಮಲೆನಾಡಿನಲ್ಲಿ ಕೆಲಸ ಕೆಡುವುದು ಇದರ ಮುಂದಿನ ಹಂತದಲ್ಲಿ, ಒಣಗಿಸುವಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ನಂಬಿ ರಾಗಿ ಹರಡಿದರೆ ಎರಡನೆಯ ದಿನಕ್ಕೆ ಬೂಷ್ಟು. ಅದಕ್ಕೆ ಎರಡು ದಾರಿ. ಬೇಸಿಗೆ ಮುಗಿಯುವ ಮೊದಲು, ಏಪ್ರಿಲ್‌ನಲ್ಲೇ, ನಾಲ್ಕು ತಿಂಗಳಿಗಾಗುವಷ್ಟು ರಾಗಿ ಮೊಳಕೆ ಕಟ್ಟಿ ಒಣಗಿಸಿ, ಕಾಳಾಗಿಯೇ ಗಾಳಿಯಾಡದ ಡಬ್ಬಿಯಲ್ಲಿಟ್ಟು, ತಿಂಗಳಿಗೆ ಬೇಕಾದಷ್ಟನ್ನೇ ಹಿಟ್ಟು ಮಾಡಿಸುವುದು ಒಳ್ಳೆಯದು. ಮಳೆಗಾಲದಲ್ಲೇ ಮಾಡಬೇಕೆಂದರೆ ಅರ್ಧ ಕೆ.ಜಿ.ಗಿಂತ ಹೆಚ್ಚು ಬೇಡ. ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಐದಾರು ಗಂಟೆ ಫ್ಯಾನ್ ಕೆಳಗೆ ಆರಿಸಿ, ನಂತರ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಒಣಗಿಸಿ. ಕಾಳು ಹಲ್ಲಿಗೆ ಕಟಕ್ಕೆಂದು ಒಡೆಯಬೇಕು. ಮೆತ್ತಗೆ ನುರಿದರೆ ತೇವ ಇನ್ನೂ ಇದೆ ಎಂದರ್ಥ. ಹಸಿರೋ ಕಪ್ಪೋ ಬೂಷ್ಟು ಕಂಡರೆ, ಮುಗ್ಗುವಾಸನೆ ಬಂದರೆ, ತೊಳೆದು ಉಳಿಸಿಕೊಳ್ಳುವ ಆಸೆ ಬೇಡ, ಪೂರ್ತಿ ಚೆಲ್ಲಿ. ಬೂಷ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ.

ಒಣಗಿದ ಕಾಳನ್ನು ಅಂಗೈಗಳ ನಡುವೆ ಉಜ್ಜಿದರೆ ಮೊಳಕೆ ಉದುರುತ್ತದೆ. ಕೇರಿ ತೆಗೆದು, ಪರಿಮಳ ಬರುವವರೆಗೆ ಹುರಿದು ಮಿಲ್ ಮಾಡಿಸಿ. ಈ ಹಿಟ್ಟಿನಿಂದಲೇ ಮುದ್ದೆ ಕಟ್ಟಲು ಹೋಗಬೇಡಿ. ಮೊಳಕೆಯಲ್ಲಿ ಪಿಷ್ಟ ಒಡೆದಿರುವುದರಿಂದ ಮುದ್ದೆ ಜೊಳ್ಳಾಗಿ ಕೈಗೆ ಅಂಟುತ್ತದೆ. ಮೂರು ಪಾಲು ಮಾಮೂಲಿ ಹಿಟ್ಟಿಗೆ ಒಂದು ಪಾಲು ಮೊಳಕೆ ಹಿಟ್ಟು ಬೆರೆಸಿದರೆ ಮುದ್ದೆ ನಿಲ್ಲುತ್ತದೆ. ಅಂಬಲಿಗಾದರೆ ಮೊಳಕೆ ಹಿಟ್ಟೇ ಸಾಕು. ಒಬ್ಬರಿಗೆ ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಸುರಿದು ಐದಾರು ನಿಮಿಷ ಕುದಿಸಿ. ಉಪ್ಪು ಹಾಕಿ, ಕೆಳಗಿಳಿಸಿ ಆರಿದ ಮೇಲೆ ಅರ್ಧ ನಿಂಬೆ ಹಿಂಡಿ.

ಹುರುಳಿ ಇಷ್ಟು ಕಾಡುವುದಿಲ್ಲ. ರಾತ್ರಿ ನೆನೆಸಿ ಬೆಳಿಗ್ಗೆ ಗಂಟು ಕಟ್ಟಿದರೆ ಮರುದಿನ ಬೆಳಿಗ್ಗೆಗೆ ಮೊಳೆತಿರುತ್ತದೆ. ಹಸಿಯಾಗಿ ತಿನ್ನಬೇಡಿ, ಮೊಳಕೆಯ ತೇವ, ಬೆಚ್ಚಗೆ ರೋಗಾಣುಗಳಿಗೂ ಇಷ್ಟ. ಸಾರು ಮಾಡಿ, ಇಲ್ಲವೇ ಸೊಪ್ಪಿನ ಜೊತೆ ಬಸ್ಸಾರು ಮಾಡಿ. ನಮ್ಮ ಅಡುಗೆಗಳಲ್ಲಿ ಬಸ್ಸಾರಿನಷ್ಟು ಜಾಣ ಅಡುಗೆ ಮತ್ತೊಂದಿಲ್ಲ. ಕಾಳು, ಸೊಪ್ಪು ಬೆಂದ ನೀರು ಚೆಲ್ಲಿಹೋಗದೆ ಸಾರಾಗುತ್ತದೆ, ಬಸಿದದ್ದು ಪಲ್ಯವಾಗುತ್ತದೆ, ಎರಡೂ ಒಂದೇ ತಟ್ಟೆಗೆ ಬರುತ್ತವೆ.

ಹುಳಿ, ಕಬ್ಬಿಣದ ಬಾಣಲೆ

ಸಿ ಜೀವಸತ್ವ ಅದೇ ಹೊತ್ತಿನ ಊಟದಲ್ಲಿದ್ದರೆ ಮಾತ್ರ ಕಬ್ಬಿಣಕ್ಕೆ ನೆರವು. ಬೆಳಿಗ್ಗೆ ತಿಂದ ಕಿತ್ತಳೆ ರಾತ್ರಿಯ ಮುದ್ದೆಗೆ ಬರುವುದಿಲ್ಲ. ನಿಂಬೆಯನ್ನು ಪಾತ್ರೆ ಕೆಳಗಿಳಿಸಿದ ಮೇಲೆ, ಸಾಧ್ಯವಾದರೆ ತಟ್ಟೆಗೇ, ಹಿಂಡಿ. ಕುದಿಯುವ ಸಾರಿಗೆ ಹಾಕಿದರೆ ಹುಳಿ ಉಳಿಯುತ್ತದೆ, ಜೀವಸತ್ವ ಹೋಗುತ್ತದೆ. ಹುಣಸೆಹುಳಿಯಲ್ಲಿ ಸಿ ಜೀವಸತ್ವ ತೀರಾ ಕಡಿಮೆ, ನಿಂಬೆಯ ಬದಲಿಗೆ ಅದು ಬರುವುದಿಲ್ಲ. ಊಟದ ಜೊತೆ ಒಂದು ಹಸಿ ನೆಲ್ಲಿಕಾಯಿ, ಅರ್ಧ ಸೀಬೆಹಣ್ಣು, ತೋಟದ ಒಂದು ಕಿತ್ತಳೆ, ಎರಡು ತೊಳೆ ಚಕ್ಕೋತ, ಹಿತ್ತಲಲ್ಲಿ ಯಾವುದಿದೆಯೋ ಅದು. ಇದಕ್ಕಾಗಿ ಪೇಟೆಗೆ ಹೋಗಿ ಕಿವಿ ಹಣ್ಣು ತರಬೇಕಿಲ್ಲ.

ಟೊಮೆಟೊ ಗೊಜ್ಜು, ಹುಳಿ ಸೇರಿದ ಪಲ್ಯಗಳನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೂ ಒಂದಷ್ಟು ಅಡುಗೆಗೆ ಸೇರುತ್ತದೆ. ಮಾಡಿದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿ, ಅದರಲ್ಲೇ ಬಿಟ್ಟರೆ ಕಪ್ಪಾಗಿ ಲೋಹದ ರುಚಿ ಬರುತ್ತದೆ. ತೊಳೆದ ಬಾಣಲೆಯನ್ನು ಒಲೆಯ ಮೇಲಿಟ್ಟು ನೀರು ಆರಿಸಿ, ಎಣ್ಣೆ ಸವರಿ ಇಡಿ. ಮಾಂಸ, ಮೀನು ತಿನ್ನುವವರಿಗೆ ಅನುಕೂಲ ಹೆಚ್ಚು. ಅದರ ಕಬ್ಬಿಣ ಸುಲಭವಾಗಿ ಸೇರುವುದಲ್ಲದೆ, ಜೊತೆಗಿರುವ ಮುದ್ದೆ, ಕಾಳಿನ ಕಬ್ಬಿಣವನ್ನೂ ಎಳೆದುಕೊಂಡು ಹೋಗುತ್ತದೆ.

ಬೀಟ್‌ರೂಟ್ ಕೆಂಪಗಿದೆ ಎಂದು ರಕ್ತ ಹೆಚ್ಚಿಸುವುದಿಲ್ಲ, 100 ಗ್ರಾಂನಲ್ಲಿ ಕಬ್ಬಿಣ 1 ಮಿಲಿಗ್ರಾಂ ಮುಟ್ಟುವುದಿಲ್ಲ. ದಾಳಿಂಬೆಯದು ಅದಕ್ಕೂ ಕಡಿಮೆ. ತಿನ್ನಿ, ಆದರೆ ರಕ್ತಕ್ಕೆಂದು ದುಡ್ಡು ಸುರಿಯಬೇಡಿ.

ಪರೀಕ್ಷೆ, ಮಾತ್ರೆ

ಹಿಮೋಗ್ಲೋಬಿನ್ ಹೆಂಗಸರಿಗೆ 12, ಗರ್ಭಿಣಿಯರಿಗೆ 11, ಗಂಡಸರಿಗೆ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿಸಿಕೊಳ್ಳಿ. ಆಗಲೇ ಇಳಿದಿರುವ ರಕ್ತವನ್ನು ಊಟವೊಂದೇ ಬೇಗ ಮೇಲೆತ್ತುವುದಿಲ್ಲ, ಮಾತ್ರೆ ಬೇಕಾಗುತ್ತದೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ರಕ್ತ ಕಡಿಮೆಯಾದರೆ ಒಳಗೆಲ್ಲೋ ರಕ್ತ ಸೋರುತ್ತಿದೆಯೇ ಎಂದು ವೈದ್ಯರು ನೋಡಲೇಬೇಕು. ತಿಂಗಳ ಸ್ರಾವ ಏಳು ದಿನ ಮೀರಿದರೂ ಹಾಗೆಯೇ. ತೋಟದ ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವವರ ಕಾಲಿನ ಚರ್ಮದಿಂದಲೇ ಕೊಕ್ಕೆಹುಳು ಒಳಹೊಕ್ಕು, ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ. ಗಂಬೂಟು, ಕಡೇಪಕ್ಷ ಚಪ್ಪಲಿ ಬೇಕು. ಜಂತುಹುಳುವಿನ ಮಾತ್ರೆಯನ್ನೂ ವೈದ್ಯರಲ್ಲಿ ಕೇಳಿ.

ಸರ್ಕಾರದಿಂದ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇದೆ. ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ. ನುಂಗಲು ನೀರು ಅಥವಾ ನಿಂಬೆ ಪಾನಕವೇ ಸರಿ. ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆ, ಅಸಿಡಿಟಿ ಔಷಧಿಗಳಿಂದ ಎರಡು ಗಂಟೆ ದೂರವಿಡಿ. ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಡಿ. ಹೊಟ್ಟೆ ತೊಳೆಸಿದರೆ ರಾತ್ರಿ ಊಟವಾದ ಮೇಲೆ ಮಲಗುವ ಮೊದಲು ತೆಗೆದುಕೊಳ್ಳಿ. ಹೀರಿಕೆ ಸ್ವಲ್ಪ ತಗ್ಗಬಹುದು, ಆದರೂ ಮಾತ್ರೆ ನಿಲ್ಲಿಸುವುದಕ್ಕಿಂತ ಅದು ವಾಸಿ. ಒಂದು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಸಂಖ್ಯೆ ಸರಿಯಾಯಿತೆಂದು ಅಂದೇ ನಿಲ್ಲಿಸಿದರೆ ದೇಹದ ಉಗ್ರಾಣ ಖಾಲಿಯೇ ಉಳಿಯುತ್ತದೆ, ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ. ಮಾತ್ರೆಯ ಪಟ್ಟಿಯನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಕೆಂಪು ಗುಳಿಗೆಯನ್ನು ಮಿಠಾಯಿಯೆಂದು ಐದಾರು ನುಂಗಿದರೂ ಚಿಕ್ಕ ಮಗುವಿನ ಜೀವಕ್ಕೆ ಅಪಾಯ. ಹಾಗೇನಾದರೂ ಆದರೆ ವಾಂತಿಯಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.